ಕೇಳುವವರ ಮಣೆ

ಜುಲೈ ೧೧, ೧೯೬೦, ಸೋಮವಾರ

ಬೈರಣ್ಣ ಕಾರ್ಖಾನೆಯಿಂದ ಈ ಡೈರಿ ತಂದುಕೊಟ್ಟ. ಅರ್ಧ ವರ್ಷ ಕಳೆದ ಮೇಲೆ ಕೈಗೆ ಬರುವ ಡೈರಿ ಎಂದರೆ ಯಾವನೋ ಸಾಹೇಬ ಬೇಡವೆಂದು ಬಿಸಾಕಿದ್ದೇ ಇರಬೇಕು. "ಅವ್ವ, ಬಾಯಿಗೆ ಬಂದಿದ್ದೆಲ್ಲ ಇದ್ರಲ್ಲಿ ಬರ್ಕೋ. ಪಂಕಜನ್ ಮುಂದೆ ಮಾತ್ರ ಆಡ್ಬೇಡ" ಎಂದ. ಹೆತ್ತ ಮಗನ ಬಾಯಲ್ಲಿ ಬರುವ ಮಾತೇ ಇದು? ಆದರೂ ಬರೆಯುತ್ತಿದ್ದೇನೆ. ಅರೆಕೆರೆಯ ಕೂಲಿಮಠದಲ್ಲಿ ಎರಡು ವರ್ಷ ಮರಳಿನ ಮೇಲೆ ಬೆರಳಾಡಿಸಿ ಕಲಿತ ಅಕ್ಷರ, ಅರವತ್ತು ವರ್ಷವಾದರೂ ಅಳಿಸಿಲ್ಲ.

ಸೊಸೆ ಪಂಕಜ ಹಾಸಿಗೆ ಬಿಟ್ಟು ಏಳಬಾರದೆಂದು ಲೇಡಿ ಡಾಕ್ಟರು ಹೇಳಿದ್ದಾರೆ. ರಕ್ತದ ಒತ್ತಡವಂತೆ. ಓದಬಾರದು, ಹೊಲಿಯಬಾರದು, ಬಚ್ಚಲಿಗೆ ಹೋಗುವುದಕ್ಕೆ ಮಾತ್ರ ಏಳಬೇಕು. ಆರು ತಿಂಗಳು ತುಂಬಿದೆ. ಇದಕ್ಕೆ ಮೊದಲು ಮೂರು ಹೋದವು. ಒಂದು ನಾಲ್ಕಕ್ಕೆ, ಒಂದು ಏಳಕ್ಕೆ, ಮೂರನೆಯದು ಹುಟ್ಟಿ ಎರಡು ದಿನ ಇತ್ತು, ಹೆಣ್ಣು. ನಾನು ಆರು ಹೆತ್ತವಳು. ಬೈರಣ್ಣ ಹುಟ್ಟಿದ ದಿನ ಬೆಳಗ್ಗೆ ಎರಡು ಸೇರು ರಾಗಿ ಬೀಸಿ ಎದ್ದೆ. ಇವಳು ಎಸ್ಸೆಸ್ಸೆಲ್ಸಿ ಪಾಸು. ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ.

"ಇದಾದ್ರೂ ನಿಂತ್ರೆ ನೋಡೋಣ" ಎಂದೆ, ಪಕ್ಕದ ಮನೆಯ ಗೌರಮ್ಮನಿಗೆ. ಅಷ್ಟು ಬೈರಣ್ಣನ ಕಿವಿಗೆ ಬಿತ್ತು, ಅದಕ್ಕೇ ಡೈರಿ. ಇದ್ದದ್ದನ್ನು ಇದ್ದಂತೆ ಹೇಳಿದರೆ ಸಿಟ್ಟು.

ಚಿಕ್ಕಲಸಂದ್ರದ ಮನೆ ಬಿಟ್ಟು ಈ ಜಯನಗರಕ್ಕೆ ಬಂದು ನಾಲ್ಕು ವರ್ಷ. ಒಂದು ಮನೆ, ಆಮೇಲೆ ಎರಡು ಖಾಲಿ ಸೈಟು, ಆಮೇಲೆ ಇನ್ನೊಂದು ಮನೆ. ಗೌರಮ್ಮನನ್ನು ಬಿಟ್ಟರೆ, ಕೂಗಿದರೆ ಓ ಎನ್ನುವವರಿಲ್ಲ. ಪಕ್ಕದ ಸೈಟಿನಲ್ಲಿ ಬೆಳಗಿನಿಂದ ಕಲ್ಲು ಒಡೆಯುತ್ತಾರೆ, ಧೂಳೆಲ್ಲ ನಮ್ಮ ಮನೆಗೆ.

ಜುಲೈ ೧೪, ಗುರುವಾರ

ಪಂಕಜ ತಾನಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು. ಗುರುವಾರ ಬರುವ ವಾರಪತ್ರಿಕೆಯಲ್ಲಿ ಒಂದು ಕಾದಂಬರಿ ಕಂತುಕಂತಾಗಿ ಬರುತ್ತಿದೆ. ಅದನ್ನು ಓದಿ ಹೇಳಬೇಕಂತೆ.

"ನನ್ನ ಓದು ಎತ್ತಿನ ಗಾಡಿ ಕಣಮ್ಮ. ಹೊತ್ತು ಮುಳುಗೋ ಹೊತ್ತಿಗೆ ಊರು ಸೇರುತ್ತೆ."

"ನಂಗೇನ್ ಅರ್ಜೆಂಟು ಅತ್ತೆ? ಮಲಗೇ ಇದೀನಲ್ಲ."

ಹಿಂದಿನ ಕಥೆಯನ್ನು ಅವಳೇ ಹೇಳಿದಳು. ಕಮಲಾದೇವಿ ಎಂದು ಒಬ್ಬ ಪಾಳೇಗಾರನ ಮಗಳು, ಹದಿನೆಂಟು ವರ್ಷದವಳು. ಅಪ್ಪ ಯುದ್ಧದಲ್ಲಿ ಸತ್ತ, ಕೋಟೆಯಲ್ಲಿ ಉಳಿದವರು ಹೆಂಗಸರು ಮಕ್ಕಳು. ಬೆಟ್ಟದ ರಕ್ಕಸರು ಒಬ್ಬೊಬ್ಬರಾಗಿ ಬಂದು ತೊಟ್ಟಿಲ ಕೂಸುಗಳನ್ನು ಕೇಳುತ್ತಾರೆ. ಒಬ್ಬನನ್ನು ಬೆಂಕಿಯಿಂದ ಓಡಿಸಿದಳು, ಇನ್ನೊಬ್ಬನನ್ನು ಎಣಿಸಲು ಹಚ್ಚಿ, ಬೆಳಗಾಗುವವರೆಗೆ ಲೆಕ್ಕ ತಪ್ಪಿಸಿ ತಪ್ಪಿಸಿ ಓಡಿಸಿದಳು. ಈಗ ಕೊನೆಯವಳು ಬರುತ್ತಾಳೆ, ಒಬ್ಬ ರಕ್ಕಸಿ.

ಮಧ್ಯಾಹ್ನ ಊಟವಾದ ಮೇಲೆ ದೀಪ ಹಚ್ಚಿ, ಪತ್ರಿಕೆಗೆ ಕುಂಕುಮ ಇಟ್ಟು, ಮಂಚದ ಪಕ್ಕ ಒಂದು ಹಲಸಿನ ಮಣೆ ಹಾಕಿದೆ. ನಾನು ಕೂತದ್ದು ದೂರ, ಕಿಟಕಿಯ ಬೆಳಕಿನಲ್ಲಿ, ಚಾಪೆಯ ಮೇಲೆ. ಮಣೆ ಖಾಲಿ. ಅರೆಕೆರೆಯ ಚಾವಡಿಯಲ್ಲಿ ಪುರಾಣ ಓದಿಸುವಾಗ ಹೀಗೇ ಒಂದು ಮಣೆ ಖಾಲಿ ಬಿಡುತ್ತಿದ್ದರು, ಕಣ್ಣಿಗೆ ಕಾಣದೆ ಕೇಳಲು ಬರುವವರಿಗೆ. ಹಾಕಿದ ಮಣೆಯನ್ನು ಕಥೆ ಮುಗಿದು ಮಂಗಳ ಹಾಡುವವರೆಗೆ ಎತ್ತುವ ಹಾಗಿಲ್ಲ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು.

"ಅತ್ತೆ, ಇದು ಪುರಾಣ ಅಲ್ಲ, ಕಾದಂಬರಿ."

"ಓದೋದು ಅಂದ್ಮೇಲೆ ಓದೋದೇ. ಕೇಳಕ್ಕೆ ಬರೋರು ನೆಲದ ಮೇಲೆ ಕೂರ್ಬೇಕಾ?"

ಬೆರಳಿಟ್ಟು ಓದಿದೆ. ಎರಡು ಪುಟಕ್ಕೆ ಒಂದು ಗಂಟೆ. ರಕ್ಕಸಿ ಕೋಟೆಯ ಬಾಗಿಲಿಗೆ ಬಂದು ಹೊಸ್ತಿಲ ಮೇಲೆ ಒಂದು ಕಾಲಿಟ್ಟಳು. ಅಲ್ಲಿಗೆ ನಿಲ್ಲಿಸಿ "ಮುಂದಿನ ವಾರ" ಎಂದು ಅಚ್ಚು ಹಾಕಿದ್ದಾರೆ. ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ರಕ್ಕಸ ಬಾಗಿಲಲ್ಲಿ ನಿಂತಿರುವಾಗ ಯಾರಾದರೂ ಓದು ನಿಲ್ಲಿಸುತ್ತಾರೆಯೇ? ನಮ್ಮ ಚಾವಡಿಯಲ್ಲಿ ಹೊತ್ತಾದರೂ ಸರಿ, ಅವನನ್ನು ಆಚೆಗೆ ಕಳಿಸಿಯೇ ಏಳುತ್ತಿದ್ದರು.

ಪಂಕಜ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. "ಅತ್ತೆ, ನೀವು ಓದ್ತಿದ್ರೆ ಒದೀತು. ಇಷ್ಟು ಜೋರಾಗಿ ಯಾವತ್ತೂ ಒದ್ದಿರ್ಲಿಲ್ಲ."

ಜುಲೈ ೧೭

ಮನೆಯೆಲ್ಲ ಕಲ್ಲಿನ ಧೂಳು. ಗುಡಿಸಿ ಗುಡಿಸಿ ಸೊಂಟ ಬಿತ್ತು. ಮಣೆಯ ಅಂಚಿನಲ್ಲೂ ಬೆರಳಲ್ಲಿ ಬರೆಯುವಷ್ಟು ಧೂಳು. ನಡುವೆ ಮಾತ್ರ ಇಲ್ಲ. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತರೆ ಎಷ್ಟು ಜಾಗವೋ ಅಷ್ಟು, ಒರೆಸಿದ ಹಾಗೆ ನುಣ್ಣಗಿದೆ. ಇವಳು ಒರೆಸಿದಳೋ ಎಂದರೆ ಅವಳಿಗೆ ಬಗ್ಗಲು ಆಗುವುದಿಲ್ಲ.

ಜುಲೈ ೨೧, ಗುರುವಾರ

ಓದು ಕೇಳಲು ಗೌರಮ್ಮ ಬಂದಳು. ಒಳಗೆ ಬಂದವಳೇ ಮಣೆಯ ಮೇಲೆ ಕೂರಲು ಹೋದಳು. "ಏಯ್, ಅದು ನಿಂಗಲ್ಲ" ಎಂದು ಗದರಿಸಿದೆ. ಯಾಕೆಂದು ಹೇಳಿದ ಮೇಲೆ ಅವಳು ಮೂಗಿನ ಮೇಲೆ ಬೆರಳಿಟ್ಟಳು.

"ಅಲ್ಲ ಮುನಿವೆಂಕಟಮ್ಮಕ್ಕ, ಪುರಾಣದಾಗೆ ದೇವ್ರು ಅವ್ನೆ, ದೇವ್ರು ಬಂದು ಕೂತ್ಕತಾನೆ. ಈ ಕಥೆಲಿ ದೇವ್ರೇ ಇಲ್ವಲ್ಲ, ಬರೀ ರಕ್ಕಸ್ರು. ಇದನ್ನ ಕೇಳಕ್ಕೆ ಯಾರು ಬತ್ತಾರೆ?"

"ನೀನು ಬಂದಿಲ್ವಾ?" ಎಂದು ಬಾಯಿ ಮುಚ್ಚಿಸಿದೆ. ಪಂಕಜ ನಕ್ಕಳು. ನನಗೆ ನಗು ಬರಲಿಲ್ಲ. ಎಪ್ಪತ್ತರ ಹತ್ತಿರ ಬಂದ ನನಗೆ ಈ ಮಾತು ಹೊಳೆಯದೆ ಗೌರಮ್ಮನಿಗೆ ಹೊಳೆಯಬೇಕೇ?

ಈ ವಾರ ರಕ್ಕಸಿ ಸತ್ತ ತಾಯಿಯ ದನಿಯಲ್ಲಿ ಕರೆಯುತ್ತಾಳೆ, ಕಮಲಾದೇವಿ ಕಿವಿಗೆ ಅರಳೆ ತುರುಕಿಕೊಳ್ಳುತ್ತಾಳೆ. "ರಕ್ಕಸಿ ಮಾತು ಚೆನ್ನಾಗಿ ಓದ್ತೀರ ಅತ್ತೆ" ಎಂದಳು ಪಂಕಜ. ಗೌರಮ್ಮ ಕೆಮ್ಮಿದಳು. ಕೂಸು ಕೊನೆಯವರೆಗೂ ಒದೆಯಿತು.

ಗೌರಮ್ಮ ಹೋದ ಮೇಲೆ, ಕಥೆ ಮುಗಿಯದಿದ್ದರೂ ಮಣೆ ಎತ್ತಿಟ್ಟುಬಿಡೋಣವೆಂದು ಕೈ ಹಾಕಿದೆ. ಬಿಸಿಲು ಆ ಕಡೆ ಬೀಳುವುದೇ ಇಲ್ಲ. ಬೆಚ್ಚಗಿತ್ತು. ಕೈ ತೆಗೆದೆ.

ಜುಲೈ ೨೮, ಗುರುವಾರ

ಇವತ್ತಿನ ಕಂತಿನಲ್ಲಿ ರಕ್ಕಸಿ ಕಮಲಾದೇವಿಯನ್ನು ಹೀಯಾಳಿಸುತ್ತಾಳೆ. ಒಂದು ಸಾಲು ಭಾರಿ ಜೋರಾಗಿತ್ತು, "ಈ ಸೊಂಟದಲ್ಲಿ ಏನು ನಿಲ್ಲುತ್ತೆ?" ಎಂದು. ಬರೆದವನು ಯಾರೋ ಲೋಕ ಕಂಡವನು ಎಂದುಕೊಂಡೆ. ತಲೆ ಎತ್ತಿದರೆ ಪಂಕಜ ಗೋಡೆಯ ಕಡೆಗೆ ತಿರುಗಿ ಮಲಗಿದ್ದಾಳೆ.

"ಏನಾಯ್ತೇ? ನೋವಾ?"

"ಏನಿಲ್ಲ ಅತ್ತೆ. ಓದಿ."

ಹೆಸರುಕಾಳಿನ ಸಾರು ಮಾಡಿದ್ದೆ. ಎರಡು ತುತ್ತು ಉಂಡಳು. ಇನ್ನೆರಡು ತುತ್ತು ತಿನ್ನಿಸಿದೆ. ತಿನ್ನದೆ ಇದ್ದರೆ ಡಾಕ್ಟರು ನನ್ನ ಮೇಲೆ ಕೂಗಾಡುತ್ತಾರೆ, ಅದಕ್ಕೆ.

ಆಗಸ್ಟ್ ೪, ಗುರುವಾರ

ಕಮಲಾದೇವಿ ಕತ್ತಿ ಹಿಡಿದು ಕೇಳಿದಳು, "ನನ್ನ ಕೋಟೆಗೆ ಯಾಕೆ ಬಂದೆ?" ರಕ್ಕಸಿ ಹೇಳಿದಳು, "ಕರೆಯದ ಮನೆಗೆ ನಾವು ಹೋಗುವುದಿಲ್ಲ. ಕರೆದರು, ಬಂದೆ." "ಕರೆದವರು ಯಾರು?"

ಅಷ್ಟೇ. ಮುಂದಿನ ವಾರವಂತೆ.

ಕಥೆ ಮುಗಿಯಿತೆಂದು ಕೂಸಿಗೂ ಗೊತ್ತಾಗುತ್ತದೆ. ಪತ್ರಿಕೆ ಮಡಿಸಿದ ಕೂಡಲೇ ಒದೆಯುವುದು ನಿಲ್ಲಿಸುತ್ತದೆ. ಈಚೆಗೆ ಬೇರೆ ದಿನಗಳಲ್ಲಿ ಅಲುಗಾಡುವುದೇ ಇಲ್ಲ ಎನ್ನುತ್ತಾಳೆ. ಗುರುವಾರದ ಒಂದು ಗಂಟೆ ಮಾತ್ರ.

ಆಗಸ್ಟ್ ೧೧, ಗುರುವಾರ

ಕಾದಂಬರಿ ಬಂದಿಲ್ಲ. ಅದರ ಜಾಗದಲ್ಲಿ ತಲೆನೋವಿನ ಮಾತ್ರೆಯ ಜಾಹೀರಾತು. ಕೆಳಗೆ ಸಣ್ಣ ಅಕ್ಷರದಲ್ಲಿ, ಲೇಖಕರ ಅನಾರೋಗ್ಯದ ನಿಮಿತ್ತ ಧಾರಾವಾಹಿಯನ್ನು ನಿಲ್ಲಿಸಲಾಗಿದೆ, ಓದುಗರು ಸಹಕರಿಸಬೇಕು.

ಸಹಕರಿಸಬೇಕಂತೆ. ಹೊಸ್ತಿಲ ಮೇಲೆ ಒಂದು ಕಾಲು ಇಟ್ಟುಕೊಂಡು ನಿಂತಿದ್ದಾಳಲ್ಲ, ಅವಳೂ ಸಹಕರಿಸುತ್ತಾಳೆಯೇ?

ಆಗಸ್ಟ್ ೧೩, ಶನಿವಾರ

ಒಂಬತ್ತು ದಿನವಾಯಿತು, ಕೂಸು ಒದ್ದಿಲ್ಲ. ಟ್ಯಾಕ್ಸಿ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎದೆಬಡಿತ ಇದೆಯಂತೆ, ಆದರೆ ನಿಧಾನವಂತೆ. ನೋಡೋಣ ಎಂದರು. ಆ ಮಾತು ಕೇಳಿ ನನಗೆ ಯಾಕೋ ಕೋಪ ಬಂತು. "ನೋಡೋಣ ಅನ್ಬೇಡ್ರಮ್ಮ, ಆಗುತ್ತೆ ಅನ್ನಿ" ಎಂದೆ. ಬೈರಣ್ಣ ನನ್ನ ಮುಖವನ್ನೇ ನೋಡಿದ.

ಮನೆಗೆ ಬಂದರೆ ಕೋಣೆಯ ನೆಲವೆಲ್ಲ ಧೂಳು, ಮಣೆ ಮಾತ್ರ ಹೊಳೆಯುತ್ತಿದೆ. ಈಗ ಅಂಚಿನಲ್ಲೂ ಧೂಳಿಲ್ಲ. ಕೂತದ್ದು ಬೆಳೆಯುತ್ತಿದೆ.

ಆಗಸ್ಟ್ ೧೬, ಮಂಗಳವಾರ

ಬೈರಣ್ಣ ಪತ್ರಿಕೆಯ ಆಫೀಸಿನಲ್ಲಿ ಲೇಖಕರ ವಿಳಾಸ ಕೇಳಿ ತಂದ. ಗೌರಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿ ಬಸವನಗುಡಿಗೆ ಹೋದೆ. ಹೆಂಚಿನ ಮನೆ, ಮುಂದೆ ತುಳಸಿಕಟ್ಟೆ. ಅನಂತರಾಮು ಎಂದು ಹೆಸರು, ರಿಟೈರಾದ ಮೇಷ್ಟ್ರು. ಬಡಕಲು ಆಸಾಮಿ, ಸೆಕೆಯಲ್ಲೂ ಶಾಲು ಹೊದ್ದಿದ್ದರು.

"ಯಾರು ಬೇಕಾಗಿತ್ತಮ್ಮ?"

"ಆ ರಕ್ಕಸಿನ ನಮ್ಮನೆ ಬಾಗ್ಲಲ್ಲಿ ನಿಲ್ಸಿ ಬಂದೋರು ಬೇಕಾಗಿತ್ತು."

ಮೇಷ್ಟ್ರು ನಕ್ಕು ಒಳಗೆ ಕರೆದರು. ಕಾಫಿ ಕೊಡಿಸಿದರು. ಮಣೆ ಹಾಕಿದ ವಿಷಯ ನಾನು ಹೇಳುತ್ತ ಹೋದ ಹಾಗೆ ಅವರ ನಗು ಇಂಗಿತು.

"ನಾನು ಬರೀವಾಗ ಎದುರಿಗೆ ಯಾರೋ ಕೂತು ಕೇಳ್ತಿರೋ ಹಾಗೆ ಇರ್ತಿತ್ತು ತಾಯಿ. ಅಗೋ, ಆ ಮೂಲೇಲಿ. ಮೊದಮೊದಲು ಹೆದರಿಕೆ ಆಗೋದು, ಆಮೇಲೆ ಅದಕ್ಕೆ ಹೇಳ್ಕೊಂಡೇ ಬರೆಯೋದು ರೂಢಿ ಆಯ್ತು. ಒಂದಿನ ಮಧ್ಯಾಹ್ನ ಎದ್ದು ಹೋಗ್ಬಿಡ್ತು."

"ಎದ್ದು ಹೋಯ್ತಾ?"

"ಇತ್ತು, ಆಮೇಲೆ ಇರ್ಲಿಲ್ಲ. ಇನ್ ಹೇಗೆ ಹೇಳ್ಲಿ? ಪತ್ರಿಕೆಗೆ ಮೂರು ವಾರದ್ದು ಮುಂಚೇನೇ ಕೊಟ್ಟಿರ್ತೀನಿ, ಅಷ್ಟು ಅಚ್ಚಾಯ್ತು. ಆವತ್ತಿಂದ ಒಂದು ಸಾಲು ಹುಟ್ಟಿಲ್ಲ ನಂಗೆ. ಕಾಯಿಲೆ ಅಂತ ಹಾಕಿದಾರೆ ಪಾಪ."

"ಯಾವತ್ತು ಎದ್ದು ಹೋಗಿದ್ದು?"

ಅವರು ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ತೋರಿಸಿದರು. ಜುಲೈ ಹದಿನಾಲ್ಕಕ್ಕೆ, ನಾನು ಮಣೆ ಹಾಕಿದ ದಿನಕ್ಕೆ, ಪೆನ್ಸಿಲಿನಲ್ಲಿ ಸುತ್ತು ಹಾಕಿತ್ತು. ಗೌರಮ್ಮ ನನ್ನ ಸೆರಗು ಹಿಡಿದುಕೊಂಡಳು.

"ಹೋಗ್ಲಿ, ಮುಂದೇನಾಗುತ್ತೆ ಅಂತ ಬಾಯಲ್ಲಾದ್ರೂ ಹೇಳಿ ಸ್ವಾಮಿ. ನಮ್ ಹುಡುಗಿ ಹೊಟ್ಟೆಲಿರೋ ಕೂಸು ಅದಕ್ಕೇ ಕಾಯ್ತಾ ಐತೆ. ಕರೆದೋರು ಯಾರು?"

"ಗೊತ್ತಿದ್ರೆ ಬರೀತಿರ್ಲಿಲ್ವೇ ತಾಯಿ? ಕೇಳೋರು ಎಲ್ಲಿ ಕೂತಿದಾರೋ ಕಥೆ ಅಲ್ಲೇ ಮುಗೀಬೇಕು. ನಿಮ್ಮ ಮನೇಲೇ ಯಾರಾದ್ರೂ ಮುಗಿಸ್ಬೇಕು."

ಏಳುವಾಗ, ಮನುಷ್ಯ ಪೂರಾ ಕೆಟ್ಟವನಲ್ಲವಲ್ಲ ಎಂದು ಒಂದು ಒಳ್ಳೆಯ ಮಾತು ಹೇಳಿದೆ. "ಆ ಸೊಂಟದ ಮಾತು ಮಾತ್ರ ಚೆನ್ನಾಗಿ ಬರ್ದಿದ್ರಿ."

"ಯಾವ ಸೊಂಟದ ಮಾತು?"

ಹೇಳಿದೆ. ಮೇಷ್ಟ್ರು ಕಿವಿ ಮುಚ್ಚಿಕೊಂಡರು. "ಛೆ ಛೆ! ಹೆಣ್ಮಕ್ಕಳ ಬಗ್ಗೆ ಅಂಥಾ ಮಾತು ನಾನು ಬರೆಯೋದಿಲ್ಲ."

ಆಗಸ್ಟ್ ೧೭

ಜುಲೈ ೨೮ರ ಪತ್ರಿಕೆ ತೆಗೆದು ನೋಡಿದೆ. ಬೆರಳಿಟ್ಟು ಒಂದೊಂದು ಅಕ್ಷರ ನೋಡಿದೆ. ಬೈರಣ್ಣನ ಕೈಯಲ್ಲೂ ಓದಿಸಿದೆ. ಆ ಸಾಲು ಅದರಲ್ಲಿ ಇಲ್ಲ.

ಹಾಗಾದರೆ ನಾನು ಓದಿದ್ದು ಎಲ್ಲಿಂದ?

ಆಗಸ್ಟ್ ೧೮, ಗುರುವಾರ

ನಾನೇ ಮುಗಿಸುತ್ತೇನೆ ಎಂದು ಕೂತೆ. ಅರೆಕೆರೆಯಲ್ಲಿ ಬೆಳೆದವಳಿಗೆ ಒಂದು ಕಥೆ ಹೇಳಲು ಬರುವುದಿಲ್ಲವೇ? ದೀಪ ಹಚ್ಚಿ ಶುರುಮಾಡಿದೆ. ರಕ್ಕಸಿಯ ಮಾತು ಸರಾಗವಾಗಿ ಬಂತು, ನೀರು ಸುರಿದ ಹಾಗೆ. ಕಮಲಾದೇವಿಯ ಸರದಿ ಬಂದರೆ ನಾಲಿಗೆ ಅಂಟಿಕೊಳ್ಳುತ್ತದೆ. ಅವಳು ಏನು ಹೇಳುತ್ತಾಳೆ? ಒಬ್ಬ ಹದಿನೆಂಟರ ಹುಡುಗಿ, ಬಾಗಿಲಲ್ಲಿ ಅಂಥವಳು ನಿಂತಿದ್ದರೆ ಏನು ಹೇಳುತ್ತಾಳೆ? ಅಂಥ ಜಾಗದಲ್ಲಿ ನಿಂತವರ ಮಾತು ನಾನು ಯಾವತ್ತೂ ಕೇಳಿಸಿಕೊಂಡವಳಲ್ಲ ಎಂದು ಕಾಣುತ್ತದೆ. ಮೂರು ಸಲ ಶುರುಮಾಡಿದೆ. ಮೂರು ಸಲವೂ ರಕ್ಕಸಿಯೇ ಗೆದ್ದಳು.

"ಬಿಡಿ ಅತ್ತೆ, ಸುಸ್ತಾಗ್ಬೇಡಿ" ಎಂದಳು. ಅವಳ ಪಾದ ಊದಿಕೊಂಡಿದೆ. ಹರಳೆಣ್ಣೆ ಬಿಸಿಮಾಡಿ ತಿಕ್ಕಿದೆ. ಎಷ್ಟು ಸಣ್ಣ ಪಾದ ಇವಳದು. ನಾಲ್ಕು ವರ್ಷದಿಂದ ಮನೆಯಲ್ಲಿ ಓಡಾಡಿದರೂ ನಾನು ನೋಡಿರಲಿಲ್ಲ.

ಆಗಸ್ಟ್ ೧೯

ಕೂಸು ಒದ್ದಿಲ್ಲ.

ಆಗಸ್ಟ್ ೨೦, ಶನಿವಾರ

ಇವತ್ತಿನದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಆದರೂ ಆದದ್ದು ಆದ ಹಾಗೆ ಬರೆದುಬಿಡುತ್ತೇನೆ.

ಬೈರಣ್ಣ ಕೆಲಸಕ್ಕೆ ಹೋಗಿದ್ದ. ಹನ್ನೊಂದು ಗಂಟೆಯ ಬಿಸಿಲು. ಪಂಕಜನ ಬಾಯಿಗೆ ಗಂಜಿ ಹಾಕುತ್ತಿದ್ದೆ. ಸಾಕು ಎಂದು ಕೈ ಅಡ್ಡ ಹಿಡಿದು, "ಅತ್ತೆ, ನಾನು ಹೇಳ್ತೀನಿ. ನೀವು ಕೇಳಿ" ಎಂದಳು.

"ಏನು ಹೇಳ್ತೀಯ?"

"ಕಥೆ."

ದೀಪ ಹಚ್ಚಿ ಕಿಟಕಿಯ ಹತ್ತಿರ ಚಾಪೆಯ ಮೇಲೆ ಕೂತೆ. ಅವಳ ದನಿ ಮೊದಲೇ ಸಣ್ಣದು, ಈಗ ಇನ್ನೂ ಸೊರಗಿದೆ. ಹೊರಗೆ ಕಲ್ಲು ಒಡೆಯುವ ಸದ್ದು. ಏನೂ ಕೇಳಿಸಲಿಲ್ಲ. ಮಂಚದ ಹತ್ತಿರ ಜಾಗವೆಂದರೆ ಮಣೆ ಹಾಕಿದ ಜಾಗ ಒಂದೇ.

"ಇಲ್ಲೇ ಬನ್ನಿ ಅತ್ತೆ" ಎಂದಳು.

ಕೂರಬಾರದೆಂದು ಗೊತ್ತು. ಆದರೆ ಹೇಳುವವರು ಹೇಳುತ್ತಿರುವಾಗ ಕೇಳುವವರು ದೂರ ಕೂತರೆ ಹೇಗೆ? ಹೋಗಿ ಕೂತೆ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಮಣೆ ಬೆಚ್ಚಗಿತ್ತು. ಕೂತ ಮೇಲೆ, ಎದ್ದು ಹೋಗಿಲ್ಲ ಎಂದು ತಿಳಿಯಿತು. ನಾನು ಕೂತ ಜಾಗದಲ್ಲೇ, ನನ್ನ ಮಂಡಿಯ ಜೊತೆಗೆ ಇನ್ನೊಂದು ಮಂಡಿ, ನನ್ನ ಉಸಿರಿನ ಒಳಗೆ ಇನ್ನೊಂದು ಉಸಿರು. ಏಳೋಣವೆಂದರೆ ಕಾಲು ನನ್ನದಲ್ಲ.

ಪಂಕಜ ಮೇಲೆ ಜಂತೆ ನೋಡುತ್ತ ಹೇಳತೊಡಗಿದಳು.

"ಕಮಲಾದೇವಿ ಕೇಳಿದ್ಲು, ಕರೆದೋರು ಯಾರು ಅಂತ. ರಕ್ಕಸಿ ಹೇಳಿದ್ಲು, ಈ ಮನೆಯೋರೇ ಕರೆದ್ರು. ಒಂದ್ ಸಲ ಅಲ್ಲ, ಮೂರು ಸಲ. ಪ್ರತಿ ಸಲ ಬಂದೆ, ಪ್ರತಿ ಸಲ ಬರಿಗೈಲಿ ಹೋಗ್ಲಿಲ್ಲ. ಈಗ ನಾಲ್ಕನೇ ಸಲ ಕರೆದಿದಾರೆ."

"ಯಾರು?" ಎಂದೆ. ದನಿ ನನಗೇ ಗುರುತು ಸಿಗಲಿಲ್ಲ.

"ಕಮಲಾದೇವಿ ಕತ್ತಿ ಎತ್ತಿದ್ಲು. ರಕ್ಕಸಿ ನಕ್ಕಳು. ಕತ್ತಿಗೆ ನಾನು ಹೋಗಲ್ಲ, ಕರೆದೋರು ಕರೆದೆ ಅಂತ ಒಪ್ಕೊಂಡ್ರೆ ಹೋಗ್ತೀನಿ ಅಂದ್ಲು. ಅವರ ಹೆಸರು ನಾನು ಹೇಳೋ ಹಾಗಿಲ್ಲ ಅಂದ್ಲು."

ಅಲ್ಲಿಗೆ ನಿಲ್ಲಿಸಿದಳು.

"ಮುಂದೆ?"

"ನಂಗೆ ಬರೋದು ಇಷ್ಟೇ ಅತ್ತೆ. ಮುಂದಿಂದು ಕರೆದೋರು ಹೇಳ್ಬೇಕು."

ಆಗಲೇ ಹೊರಗೆ ಸುತ್ತಿಗೆಗಳೆಲ್ಲ ಒಟ್ಟಿಗೆ ನಿಂತವು. ಹತ್ತು ಜನ ಒಡ್ಡರು, ಒಬ್ಬನ ಸುತ್ತಿಗೆಯೂ ಬೀಳಲಿಲ್ಲ. ನನ್ನ ಬಾಯೊಳಗೆ ಬೇರೆ ಯಾರದೋ ನಾಲಿಗೆ ಏನೋ ಹೇಳಲು ಹೊರಳಿತು. ಆ ಸೊಂಟದ ಮಾತೇ ಎಂದು ಗೊತ್ತಾಯಿತು. ಹಲ್ಲು ಕಚ್ಚಿದೆ. ರಕ್ತದ ರುಚಿ ಬಂತು. ಅದಕ್ಕೆ ಮುಂಚೆ ನಾನೇ ಹೇಳಿ ಮುಗಿಸಬೇಕೆನಿಸಿತು.

"ನಾನು ಕರೆದೆ" ಎಂದೆ.

ಪಂಕಜ ತಿರುಗಿ ನೋಡಲಿಲ್ಲ.

"ಮೊದಲ್ನೇದು ನಿಂತಾಗ ನಲ್ಲಿ ಹತ್ರ ಗೌರಮ್ಮಂಗೆ ಅಂದೆ, ಈ ಸೊಂಟದಲ್ಲಿ ಏನು ನಿಲ್ಲುತ್ತೆ ಅಂತ. ನೀನು ಬಿಂದಿಗೆ ಹಿಡ್ಕೊಂಡು ಹಿಂದೇನೇ ನಿಂತಿದ್ದೆ. ಎರಡ್ನೇದಕ್ಕೆ ನೀನು ವಾಂತಿ ಮಾಡ್ತಿದ್ರೆ, ಇದೂ ಹೋಗೋದೇ ಅಂದೆ. ಮೂರನೇದು..."

ಮೂರನೆಯದನ್ನು ಹೇಳಲು ಆಗಲಿಲ್ಲ. ಪಂಕಜ ಮಂಚದಿಂದ ಕೈ ಇಳಿಬಿಟ್ಟಳು. ಹಿಡಿದುಕೊಂಡೆ.

"ಮೂರನೇದು, ಎರಡು ದಿನ ಇತ್ತಲ್ಲ, ಆ ಕೂಸು ಹೋದಾಗ ಬಾಗ್ಲಲ್ಲಿ ನಿಂತು ಅಂದೆ. ಹೆಣ್ಣು ತಾನೇ, ಹೋದ್ರೆ ಹೋಗ್ಲಿ ಅಂತ. ಈಗ ನಾಲ್ಕನೇದಕ್ಕೆ, ನಿಂತ್ರೆ ನೋಡೋಣ ಅಂದೆ. ನಾಲ್ಕು ಸಲ ಕರೆದೋಳು ನಾನೇ. ಈಗ ಬೇಡ ಅಂತೀನಿ. ಬೇಡ."

ಪಂಕಜ ಅಳುತ್ತಿದ್ದಳು. ಅಳುತ್ತಲೇ ಕಥೆ ಮುಗಿಸಿದಳು. "ಕಮಲಾದೇವಿ ಕತ್ತಿ ಕೆಳಗಿಟ್ಲು. ಕರೆದೋರು ಬೇಡ ಅಂದಾಯ್ತು, ನೀನು ಹೋಗವ್ವ ಅಂದ್ಲು. ರಕ್ಕಸಿ ಹೊಸ್ತಿಲ ಮೇಲಿಂದ ಕಾಲು ತೆಗೆದ್ಲು. ಮೆಟ್ಲು ಇಳಿದು ಹೋದ್ಲು."

ಮಣೆಯಿಂದ ಯಾರೋ ಎದ್ದರು. ನನ್ನ ಮೈಯಿಂದ ಒಂದು ಭಾರ ನಿಧಾನವಾಗಿ ಎದ್ದಿತು, ವಯಸ್ಸಾದವರು ಮಂಡಿಗೆ ಕೈ ಊರಿ ಏಳುವ ಹಾಗೆ. ಬಾಗಿಲ ಪರದೆ ಒಂದು ಸಲ ಸರಿದು ನಿಂತಿತು. ಹೊರಗೆ ಮೊದಲು ಒಂದು ಸುತ್ತಿಗೆ ಬಿತ್ತು, ಆಮೇಲೆ ಎಲ್ಲ.

ಪಂಕಜ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಎಂಥ ಒದೆತ! ಕತ್ತೆಮರಿ ಇದ್ದ ಹಾಗಿದೆ.

ಮಂಗಳ ಹಾಡಿದೆ, ಮಣೆ ಎತ್ತಿ ಗೋಡೆಗೆ ಒರಗಿಸಿದೆ. ಆ ಮಾತುಗಳನ್ನೆಲ್ಲ ಹೇಳಿದ್ದು ಕಥೆ ಮುಗಿಯಬೇಕಲ್ಲ ಎಂದು. ಬೇರೆ ಏನಲ್ಲ. ಸಂಜೆ ಬೈರಣ್ಣ ಬಂದು, ನಮ್ಮಿಬ್ಬರ ಕಣ್ಣು ನೋಡಿ, "ಮತ್ತೆ ಜಗಳಾನಾ?" ಎಂದ. ಪಂಕಜ, "ಇಲ್ಲಾರೀ, ಅತ್ತೆ ಕಥೆ ಹೇಳಿದ್ರು" ಎಂದಳು.

ಆಗಸ್ಟ್ ೨೧

ಮಣೆಯ ಮೇಲೆ ಧೂಳು ಕೂತಿದೆ. ನಡುವೆಯೂ. ಒರೆಸಲು ಮನಸ್ಸು ಬರಲಿಲ್ಲ.

ಅಕ್ಟೋಬರ್ ೭, ಶುಕ್ರವಾರ

ಬೆಳಗ್ಗೆ ಆರೂಕಾಲಕ್ಕೆ ಹೆಣ್ಣು. ಐದೂವರೆ ಪೌಂಡು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಒಂದೂವರೆ ತಿಂಗಳಿಂದ ಈ ಪುಸ್ತಕ ಮುಟ್ಟಿರಲಿಲ್ಲ. ಬರೆಯುವಂಥ ಮಾತು ಇರಲಿಲ್ಲವೋ, ಮನೆಯಲ್ಲೇ ಆಡಿ ಮುಗಿಯುತ್ತಿತ್ತೋ.

ಒಂಬತ್ತು ಗಂಟೆಗೆ ಗೌರಮ್ಮನ ಜೊತೆ ವಾರ್ಡಿನ ಒಳಗೆ ಹೋದೆ. ನರ್ಸು ಆಚೆ ಹೋದ ಹೊತ್ತು ನೋಡಿ ಗೌರಮ್ಮ ಸೆರಗಿನಿಂದ ಜೇನಿನ ಶೀಸೆ ತೆಗೆದಳು. ನಮ್ಮಲ್ಲಿ ಕೂಸಿನ ನಾಲಿಗೆಗೆ ಮೊದಲು ಯಾರು ಜೇನು ಸವರುತ್ತಾರೋ ಅವರ ಮಾತೇ ಆ ಕೂಸಿಗೆ ಬರುತ್ತದೆ ಎಂದು ನಂಬಿಕೆ. ಅದಕ್ಕೇ ಒಳ್ಳೆಯ ಮಾತಿನವರನ್ನು ಹುಡುಕುತ್ತಾರೆ.

"ನೀನೇ ಸವರೇ ಗೌರಿ" ಎಂದೆ.

"ಅತ್ತೆ, ನೀವು" ಎಂದಳು ಪಂಕಜ.

"ಹುಚ್ಚೀ, ನನ್ ನಾಲ್ಗೆ ಯಾಕೆ ಬೇಕು ಈ ಕೂಸಿಗೆ? ನಿಂದೇ ಇರ್ಲಿ, ಮೆತ್ತಗೈತೆ."

"ಮೆತ್ತಗಿದ್ದೇ ಇಷ್ಟು ದಿನ ಆಯ್ತಲ್ಲ ಅತ್ತೆ. ಇವಳಿಗೆ ನಿಮ್ದೇ ಬರ್ಲಿ. ಬಾಗ್ಲಿಗೆ ಬಂದೋರನ್ನ ಮಾತಾಡ್ಸೋಕೆ ಬೇಕಾಗುತ್ತೆ."

ಗೌರಮ್ಮ ಶೀಸೆಯನ್ನು ನನ್ನ ಕೈಗೆ ತುರುಕಿದಳು. ಕೂಸು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದು ಕಾಯುತ್ತಿತ್ತು, ಒಳಗೆಲ್ಲ ಕೆಂಪು. ಸ್ವಲ್ಪ ಇರು ಎಂದು ಅದಕ್ಕೆ ಹೇಳಿ, ವಾರ್ಡಿನ ಕೊನೆಯ ನಲ್ಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದೆ. ಜೇನು ಸವರುವುದು ಬೆರಳಿನಿಂದ. ಬಾಯಿ ಯಾಕೆ ತೊಳೆದೆನೋ ತಿಳಿಯದು.